ಪಾಲಿಗೆ ಬಂದ ಪದ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನ ತಂಗಿಯ ಮದುವೆಯ ಹಿಂದಿನ ದಿನ ನಡೆದದ್ದರಲ್ಲಿ ಒಂದು ಪದದ ಪಾತ್ರ ಎಷ್ಟಿತ್ತೋ ನನ್ನ ಕೋಪದ ಪಾತ್ರವೂ ಅಷ್ಟೇ ಇತ್ತು. ಊರಿನವರು ಇವತ್ತಿಗೂ ಪದವನ್ನೇ ದೂರುತ್ತಾರೆ. ಪದಕ್ಕೆ ಬಾಯಿಲ್ಲ, ಪಾಪ, ಅದು ಏನು ಹೇಳೀತು?

ನಮ್ಮೂರು ಡೆಂಕಣಿಕೋಟೆಗೂ ಕೆಲಮಂಗಲಕ್ಕೂ ನಡುವೆ ಕಾಡಿನ ಅಂಚಿನಲ್ಲಿದೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು, ಕಚೇರಿಯಿಂದ ಕಾಗದ ಬಂದರೆ ತಮಿಳು. ಮೂರು ಭಾಷೆ ಕಲಿತಿದ್ದೇವೆ ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಹೊತ್ತಿಗೆ ಯಾವುದು ಬಾಯಿಗೆ ಬಂತೋ ಅದನ್ನು ಆಡುತ್ತಿದ್ದೆವು. ಹಾಡು ಮಾತ್ರ ಕನ್ನಡದ್ದೇ. ಮದುವೆಯಾದರೆ, ಹುಡುಗಿ ದೊಡ್ಡವಳಾದರೆ, ಕೂಸನ್ನು ತೊಟ್ಟಿಲಿಗೆ ಹಾಕಿದರೆ ಹೆಂಗಸರು ಕೂತು ಸೋಬಾನೆ ಪದ ಹೇಳುತ್ತಿದ್ದರು. ಒಬ್ಬಳು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನು ಹಾಗೆಯೇ ಹಿಡಿದು ತಿರುಗಿ ಹೇಳಬೇಕು. ಹಾಗೆ ತಿರುಗಿ ಬರುವುದಕ್ಕೆ ಸೊಲ್ಲು ಅನ್ನುತ್ತೇವೆ. ಸೊಲ್ಲು ಬಂದರೆ ಮುಂದಿನ ಸಾಲಿಗೆ ಹೋಗಬಹುದು. ಬರದಿದ್ದರೆ ಅಲ್ಲೇ ನಿಲ್ಲಬೇಕು, ಇಲ್ಲವೇ ಅದೇ ಸಾಲನ್ನು ಮತ್ತೆ ಎತ್ತಬೇಕು. ಎಷ್ಟು ಒಳ್ಳೆಯ ಕಂಠವಿದ್ದವಳೂ ಈ ಕಟ್ಟಳೆ ಮೀರುವ ಹಾಗಿರಲಿಲ್ಲ.

ನನಗೆ ಹಾಡು ಕಲಿಸಿದವಳು ಸೋದರತ್ತೆ, ಅಪ್ಪನ ಅಕ್ಕ. ಅವಳನ್ನು ಜೂಜುವಾಡಿಗೆ ಕೊಟ್ಟಿದ್ದರು. ಮದುವೆ ಅಂತ ಕಿವಿಗೆ ಬಿದ್ದರೆ ಸಾಕು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಇಳಿಯುತ್ತಿದ್ದಳು. ಬೆಳಿಗ್ಗೆ ಬಾಯಿ ತೆಗೆದರೆ ಬೈಗಾಗುವವರೆಗೆ, ಒಮ್ಮೆ ಹೇಳಿದ ಪದವನ್ನು ಇನ್ನೊಮ್ಮೆ ಹೇಳುತ್ತಿರಲಿಲ್ಲ. ನಾನು ಒಂದು ಅಕ್ಷರ ಆಚೀಚೆ ಮಾಡಿದರೂ ತೊಡೆಗೆ ಚಿವುಟುತ್ತಿದ್ದಳು.

"ಹಾಡು ಅಂದ್ರೆ ಎರವಲು ಒಡವೆ ಕಣಮ್ಮಿ. ಹೆಂಗೆ ಇಸ್ಕಂಡ್ಯೋ ಹಂಗೇ ವಾಪಸ್ ಕೊಡ್ಬೇಕು. ನಡುವೆ ನಿನ್ ಕೈಯಾಗಿಂದ ಒಂದು ಕಲ್ಲು ಕೂರಿಸಾಕೆ ಹೋಗ್ಬ್ಯಾಡ" ಅನ್ನುತ್ತಿದ್ದಳು.

ನನ್ನ ತಕರಾರು ಇದ್ದದ್ದೇ ಆ ಒಡವೆಯ ಮೇಲೆ. ಯಾವ ಪದ ತೆಗೆದರೂ ಮದುಮಗಳು ಹಾಲಿನಲ್ಲಿ ಕೈ ತೊಳೆಯುತ್ತಾಳೆ, ತುಪ್ಪದಲ್ಲಿ ಬಾಯಿ ಮುಕ್ಕಳಿಸುತ್ತಾಳೆ, ಚಿನ್ನದ ತೊಟ್ಟಿಲಿನಲ್ಲಿ ಮಲಗಿ ಬೆಳೆಯುತ್ತಾಳೆ. ನಮ್ಮೂರಲ್ಲಿ ಹಾಲಿನಲ್ಲಿ ಕೈ ತೊಳೆದವರನ್ನು ನಾನು ಕಂಡಿಲ್ಲ. ಕರೆಯುವ ಎಮ್ಮೆ ಇದ್ದವರೂ ಹಾಲನ್ನು ಡೆಂಕಣಿಕೋಟೆಯ ಹೋಟೆಲಿಗೆ ಹಾಕಿ ತಾವು ನೀರುಮಜ್ಜಿಗೆ ಕುಡಿಯುತ್ತಿದ್ದರು. ಹತ್ತು ವರ್ಷ ಹಾಡಿದ ಮೇಲೆ ಹಾಲು ತುಪ್ಪದ ಸಾಲು ಬಂದರೆ ನನ್ನ ಗಂಟಲು ಹಿಡಿಯತೊಡಗಿತು. ಅತ್ತೆಗೆ ಹೇಳಿದೆ. ಅವಳು ನಕ್ಕಳು.

"ಇರೋದನ್ನೇ ಹಾಡಾದಾದ್ರೆ ಹಾಡು ಯಾಕಮ್ಮಿ? ಇರೋದು ಹೆಂಗೂ ಐತಲ್ಲ, ಕಣ್ ಮುಂದೆ."

ಆ ಮಾತು ಸುಳ್ಳೆಂದು ಇವತ್ತಿಗೂ ನಾನು ಹೇಳಲಾರೆ. ಆದರೆ ನನ್ನ ಗಂಟಲು ಒಪ್ಪಲಿಲ್ಲ, ನಾನೇನು ಮಾಡಲಿ?

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನ್ನನ್ನು ಹನ್ನೆರಡಕ್ಕೇ ಮದುವೆ ಮಾಡಿ ಕಳಿಸಿದ್ದರು. ಗಂಡ ಎಲ್ಲೋ ಗಣಿ ಕೆಲಸಕ್ಕೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡ. ಹದಿನಾಲ್ಕಕ್ಕೆ ನಾನು ತವರಿಗೆ ವಾಪಸು. ನಾನು ಬಂದ ಆರು ತಿಂಗಳಿಗೆ, ಇನ್ನು ತನಗೆ ಮಕ್ಕಳಾಗುವುದಿಲ್ಲ ಅಂದುಕೊಂಡಿದ್ದ ಅವ್ವ ಒಂದು ಹೆಣ್ಣು ಹೆತ್ತಳು. ಕೂಸಿಗೆ ಮೂರು ತಿಂಗಳು ತುಂಬುವ ಮೊದಲೇ ಅವ್ವ ಹೋದಳು. ಕೂಸು ನನ್ನ ಮಡಿಲಿಗೆ ಬಂತು. ಮೇಕೆ ಹಾಲು, ರಾಗಿ ಸರಿ, ಏನು ಸಿಕ್ಕಿತೋ ಅದನ್ನು ಹಾಕಿ ಸಾಕಿದೆ.

ಗಂಡ ಸತ್ತು ಬಂದ ಹೆಣ್ಣಿಗೆ ತವರಿನ ಹೊಲದಲ್ಲಿ ಪಾಲಿಲ್ಲ. ನನಗೆ ಅಂತ ಇದ್ದದ್ದು ಒಲೆಯ ಮುಂದಿನ ಪಾಲು ಒಂದೇ. ಮುದ್ದೆ ಕಟ್ಟಿ ಇವರಿಗೆ ಇಷ್ಟು, ಅವರಿಗೆ ಅಷ್ಟು ಅಂತ ಇಡುವುದಕ್ಕೆ ನಮ್ಮಲ್ಲಿ ಪಾಲು ಹಾಕುವುದು ಅನ್ನುತ್ತಾರೆ. ಅಪ್ಪನದು ದೊಡ್ಡದು, ನನ್ನದು ಅದಕ್ಕಿಂತ ಚಿಕ್ಕದು, ತಂಗಿಯದು ಇನ್ನೂ ಚಿಕ್ಕದು. ಅವಳಿಗೆ ಏಳೋ ಎಂಟೋ ಇದ್ದಾಗ ಒಂದು ವರ್ಷ ಕಾಡಿನಿಂದ ಇಳಿದ ಆನೆಗಳು ತೆನೆಗಟ್ಟಿದ ರಾಗಿಯನ್ನು ಎರಡೇ ದಿನದಲ್ಲಿ ಮುಗಿಸಿ ಹೋದವು. ಆ ವರ್ಷ ಎಲ್ಲರ ಮುದ್ದೆಯೂ ಇಳಿಯಿತು. ತಂಗಿ ತನ್ನದನ್ನು ತಿಂದು ನನ್ನ ತಟ್ಟೆ ನೋಡುತ್ತಿದ್ದಳು. ನನಗೆ ಹೊಟ್ಟೆ ಸರಿಯಿಲ್ಲ ಅಂದೆ. ಒಂದು ದಿನ ಅಂದ ಮೇಲೆ ದಿನವೂ ಅನ್ನಬೇಕಾಯಿತು. ಸಂತೋಷದಿಂದ ಕೊಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಕೊಟ್ಟು, ಹಿತ್ತಲಿಗೆ ಹೋಗಿ, ನೀರು ಕುಡಿದು ಅವಳನ್ನೇ ಬೈದುಕೊಂಡ ದಿನಗಳು ಬೇಕಾದಷ್ಟಿವೆ.

ತಂಗಿಗೆ ಹದಿನಾರು ನಡೆಯುವಾಗ ಕೆಲಮಂಗಲದಿಂದ ಸಂಬಂಧ ಬಂತು. ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲದಕ್ಕೂ ಕಂಟ್ರೋಲು. ಅಂಥ ಕಾಲದಲ್ಲಿ ಪೇಟೆಯಲ್ಲಿ ಸ್ವಂತ ಅಂಗಡಿ, ಊರಾಚೆ ಹೊಲ ಇದ್ದ ಮನೆಯವರು ನಮ್ಮ ಬಾಗಿಲಿಗೆ ಬಂದರು. ನಮ್ಮ ಜನವೇ, ಮನೆಮಾತು ಮಾತ್ರ ತೆಲುಗು. ಗಂಡಿನ ತಾಯಿ ಸಂತೆಯಲ್ಲಿ ತಂಗಿಯನ್ನು ನೋಡಿ ತಾನಾಗಿ ಕೇಳಿಸಿದ್ದಳು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡಕಂಡವರಿಗೆಲ್ಲ ಕೆಲಮಂಗಲ, ಕೆಲಮಂಗಲ ಅನ್ನುತ್ತಿದ್ದ.

ನನ್ನ ತಂಗಿಗೆ ನಾನೇ ಕಟ್ಟಿದ ಪದ ಹೇಳಬೇಕು ಅಂತ ನನಗೆ ಆಗಲೇ ಹಠ ಹುಟ್ಟಿತು.

ನಾನು ಪದ ಕಟ್ಟುತ್ತಿದ್ದದ್ದು ಬೀಸುವ ಕಲ್ಲಿನ ಮುಂದೆ. ಕಲ್ಲು ಒಂದು ಸುತ್ತು ಬರುವುದಕ್ಕೂ ಸಾಲು ಮುಗಿಯುವುದಕ್ಕೂ ಸರಿಹೋಗಬೇಕು. ಸಾಲು ಉದ್ದವಾದರೆ ಕೈ ತಡೆಯುತ್ತದೆ, ಚಿಕ್ಕದಾದರೆ ಕಲ್ಲು ಸುಮ್ಮನೆ ತಿರುಗುತ್ತದೆ. ಮದುವೆಗೆ ಬೇಕಾದ ಹಿಟ್ಟೆಲ್ಲ ಬೀಸುತ್ತಾ ಒಂದೊಂದಾಗಿ ಸಾಲು ಕೂಡಿಸಿದೆ.

ರಾಗಿಯ ಹಿಟ್ಟೇ ಮೊಕಕೆ ಪೌಡರು ತಂಗಮ್ಮ
ಬೀಸೋ ಕಲ್ಲೇ ನಿನ್ನ ಜೊತೆಗಾತಿ

ಅಟ್ಟಣೆ ಏರಿ ತಮಟೆ ಬಡಿದೋಳೆ ತಂಗಮ್ಮ
ಆನೆ ಬಂದರೂ ನೀನು ಅಳಲಿಲ್ಲ

ಇವು ಸಲೀಸಾಗಿ ಬಂದವು. ಕೊನೆಯ ಜೋಡಿ ಸಾಲು ಮಾತ್ರ ಎರಡು ದಿನ ಸತಾಯಿಸಿತು. 'ನನ್ನ ತುತ್ತುಂಡು ಬೆಳೆದೋಳೆ' ಅಂತ ಮೊದಲು ಹೇಳಿ ನೋಡಿದೆ. ಕಲ್ಲು ತಿರುಗಿತು, ಅಳತೆಯೂ ಸರಿಯಾಗಿತ್ತು, ಆದರೂ ಮನಸ್ಸಿಗೆ ಕೂರಲಿಲ್ಲ. ತುತ್ತನ್ನು ಬೆಕ್ಕಿಗೂ ಹಾಕುತ್ತಾರೆ, ಬೀದಿಯ ಕೂಸಿಗೂ ಹಾಕುತ್ತಾರೆ. ನಾನು ಕೊಟ್ಟದ್ದು ತುತ್ತಾಗಿರಲಿಲ್ಲ. ಇಡೀ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಎರಡನೆಯ ದಿನ ಮಧ್ಯಾಹ್ನ ಪಾಲು ಅನ್ನುವ ಪದ ನಾಲಿಗೆಗೆ ಬಂತು. ಬಂದದ್ದೇ ತನ್ನ ಜೊತೆಗೆ ಮುಂದಿನ ಸಾಲನ್ನೂ ಕರೆದುಕೊಂಡು ಬಂತು.

ನನ್ನ ಪಾಲುಂಡು ಬೆಳೆದೋಳೆ ತಂಗಮ್ಮ
ನಿನ್ನ ಪಾಲಿಗೆ ನೀನು ನಡೆಯಮ್ಮ

ಕಲ್ಲು ನಿಲ್ಲಿಸಿ ಕೂತೆ. ಅಳು ಬಂತು. ಅಷ್ಟು ವರ್ಷ ಹಾಡಿದ ಹಾಲು ತುಪ್ಪದ ಯಾವ ಪದಕ್ಕೂ ನನಗೆ ಅಳು ಬಂದಿರಲಿಲ್ಲ.

ಮದುವೆಗೆ ಒಂದು ವಾರ ಇರುವಾಗ ಅತ್ತೆ ಬಂದಳು. ಹಾಡಿ ತೋರಿಸಿದೆ. ಮೊದಲ ಜೋಡಿ ಸಾಲಿಗೇ ಅವಳು ಎಲೆಅಡಿಕೆ ಜಗಿಯುವುದು ನಿಲ್ಲಿಸಿದಳು.

"ಬೀಗರ ಮುಂದೆ ನಮ್ ಮನೆ ಮಡಕೆ ತಳ ಎತ್ತಿ ತೋರಿಸ್ತೀಯಾ? ರಾಗಿ ಹಿಟ್ಟಂತೆ, ತಮಟೆಯಂತೆ! ಹೊಲ ಕಾಯೋ ಹುಡುಗೀನ ಪ್ಯಾಟೆಯೋರಿಗೆ ಕೊಡ್ತಾ ಇದೀವಿ ಅಂತ ಸಾರ್ತೀಯಾ?"

ಜಗಳ ಕೇಳಿ ಅಪ್ಪ ಒಳಗೆ ಬಂದ. ಅವನು ಸಾಧು ಮನುಷ್ಯ, ನನ್ನ ಬಾಯಿಗೆ ಹೆದರುತ್ತಿದ್ದ.

"ಹಾಲು ತುಪ್ಪದ ಪದವೇ ಇರ್ಲಿ ಕಣಮ್ಮ. ಎಲ್ಲರ ಮನೇಲೂ ಅದ್ನೇ ತಾನೆ ಹೇಳಾದು."

"ಅವಳು ಹಾಲಲ್ಲಿ ಕೈ ತೊಳೆದಿದ್ದ ನೀನು ಯಾವತ್ತು ನೋಡ್ದೆ ಅಪ್ಪಾ?" ಅಂದೆ.

ಅಪ್ಪ ತಲೆ ತಗ್ಗಿಸಿ ಹೊರಗೆ ಹೋದ. ಹಾಗೆ ಅನ್ನಬಾರದಿತ್ತು. ಅತ್ತೆ ಎದ್ದು ನಿಂತು ಕೊನೆಯ ಮಾತು ಹೇಳಿದಳು: "ಹಾಡ್ಕೋ. ನನ್ ಬಾಯಿಂದ ಸೊಲ್ಲು ಬರಾಕಿಲ್ಲ. ನಾನು ಎತ್ತದಿದ್ರೆ ಇನ್ಯಾವಳು ಎತ್ತಾಳು, ನೋಡೇಬುಡಾನ."

ನಾನು ಹಾಡುತ್ತೇನೆ ಅಂತಲೂ ಹೇಳಲಿಲ್ಲ, ಬಿಡುತ್ತೇನೆ ಅಂತಲೂ ಹೇಳಲಿಲ್ಲ. ಆ ವಾರವೆಲ್ಲ ನಾವಿಬ್ಬರೂ ಒಂದೇ ಒಲೆಯ ಮುಂದೆ ಮುಖ ತಿರುಗಿಸಿಕೊಂಡು ಅಡುಗೆ ಮಾಡಿದೆವು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅರಿಶಿನದ ಶಾಸ್ತ್ರ. ಗಂಡಿನ ತಾಯಿ ತನ್ನ ಕಡೆಯ ಹನ್ನೆರಡು ಹೆಂಗಸರ ಜೊತೆ ಎರಡು ಗಾಡಿಯಲ್ಲಿ ಬಂದಿಳಿದಳು. ಪಡಸಾಲೆಯಲ್ಲಿ ಹಸೆ ಹಾಸಿ ತಂಗಿಯನ್ನು ಕೂರಿಸಿದರು. ಗಂಡ ಸತ್ತವಳು ಅರಿಶಿನ ಮುಟ್ಟುವ ಹಾಗಿಲ್ಲ, ಹಸೆಯ ಎದುರಿಗೆ ಬರುವ ಹಾಗಿಲ್ಲ. ಗಂಟಲಿಗೆ ಮಾತ್ರ ಮೈಲಿಗೆಯಿಲ್ಲ ಅಂತ ಯಾರೋ ಪುಣ್ಯಾತ್ಮರು ಬಿಟ್ಟಿದ್ದರು. ಒಳಕೋಣೆಯ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಅದರ ಹಿಂದೆ ಕೂತು ಹಾಡಬಹುದಿತ್ತು. ಹಾಗೆ ಎಷ್ಟೋ ಮದುಮಕ್ಕಳಿಗೆ ಹಾಡಿದ್ದೇನೆ, ಒಬ್ಬಳ ಮುಖವನ್ನೂ ಕಂಡಿಲ್ಲ. ಇವತ್ತು ತಂಗಿಯದೂ ಅಷ್ಟೇ. ರಾಗಿ ಮೂಟೆಗೆ ಒರಗಿ ಕೂತೆ. ಅರಿಶಿನ, ಹರಳೆಣ್ಣೆ ವಾಸನೆ ಒಳಗೆ ಬರುತ್ತಿತ್ತು. ಬಳೆ ಸದ್ದು ಕೇಳುತ್ತಿತ್ತು.

ಎರಡು ಹಳೆಯ ಪದ ಹೇಳಿದೆ. ಸೊಲ್ಲು ತುಂಬಿಕೊಂಡು ಬಂತು, ಅದರಲ್ಲಿ ಅತ್ತೆಯ ದನಿಯೇ ದೊಡ್ಡದು. ಆಮೇಲೆ ಉಸಿರು ಎಳೆದುಕೊಂಡು ನನ್ನದನ್ನು ಎತ್ತಿದೆ.

'ರಾಗಿಯ ಹಿಟ್ಟೇ ಮೊಕಕೆ ಪೌಡರು ತಂಗಮ್ಮ.' ಹೊರಗೆ ಸ್ವಲ್ಪ ತಡೆಯಿತು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಾಲ್ಕೈದು ದನಿಗಳಲ್ಲಿ ಸೊಲ್ಲು ಬಂತು. ಅತ್ತೆಯ ದನಿ ಇರಲಿಲ್ಲ. ಅವಳು ಹೇಳಿದಂತೆಯೇ ಮಾಡುತ್ತಿದ್ದಾಳೆ ಅಂತ ಗೊತ್ತಾಗಿ ನನ್ನ ಬೆನ್ನು ನೆಟ್ಟಗಾಯಿತು. ಆನೆಯ ಸಾಲಿಗೆ ಬೀಗಗಿತ್ತಿ ಗಟ್ಟಿಯಾಗಿ ನಕ್ಕು ತೆಲುಗಿನಲ್ಲಿ ಏನೋ ಮೆಚ್ಚುಗೆಯ ಮಾತು ಅಂದಳು, ಸೊಲ್ಲು ಇನ್ನೂ ಜೋರಾಗಿ ಬಂತು. ನನಗೆ ಧೈರ್ಯ ಏರಿತು. ಜಂಬವೂ ಏರಿತು ಅನ್ನಿ.

'ನನ್ನ ಪಾಲುಂಡು ಬೆಳೆದೋಳೆ ತಂಗಮ್ಮ.'

ಸೊಲ್ಲು ಬರಲಿಲ್ಲ.

ಅತ್ತೆ ಕೈಯೆತ್ತಿ ಎಲ್ಲರನ್ನೂ ತಡೆದಿದ್ದಾಳೆ ಅಂದುಕೊಂಡೆ. ಕೋಪ ನೆತ್ತಿಗೇರಿತು. ಅದೇ ಸಾಲನ್ನು ಇನ್ನೂ ಗಟ್ಟಿಯಾಗಿ ಎತ್ತಿದೆ. ಬಳೆ ಸದ್ದು ಕೂಡ ನಿಂತುಹೋಯಿತು. ಮೂರನೆಯ ಸಲ ಎತ್ತಿದಾಗ ನಾನು ಹಾಡುತ್ತಿರಲಿಲ್ಲ, ಅತ್ತೆಯ ಮೇಲೆ ಕಿರುಚುತ್ತಿದ್ದೆ. ಬಾಗಿಲ ಆಚೆ ಏನಾಗುತ್ತಿದೆ ಅಂತ ನೋಡುವ ಹಾಗಿದ್ದಿದ್ದರೆ ಒಂದನೆಯ ಸಲಕ್ಕೇ ಬಾಯಿ ಮುಚ್ಚುತ್ತಿದ್ದೆ.

ಆಗ ಒಂದು ಹೆಂಗಸಿನ ದನಿ ಕೇಳಿತು. "ಎವರಿ ಪಾಲು?" ಯಾರ ಹಾಲು?

ತೆಲುಗಿನಲ್ಲಿ ಪಾಲು ಅಂದರೆ ಹಾಲು. ನನ್ನ ಪಾಲಿನ ಮುದ್ದೆ ಉಂಡು ಬೆಳೆದವಳು ಅಂತ ನಾನು ಹಾಡಿದ್ದೆ. ನನ್ನ ಎದೆಹಾಲು ಉಂಡು ಬೆಳೆದವಳು ಅಂತ ಅವರಿಗೆ ಕೇಳಿತ್ತು. ಹಾಡುತ್ತಿದ್ದವಳು ಗಂಡ ಸತ್ತ ಹೆಂಗಸು. ಅದೂ ಒಂದು ಸಲವಲ್ಲ, ಮೂರು ಸಲ, ಊರಿಗೆಲ್ಲ ಕೇಳುವ ಹಾಗೆ.

ಬಾಗಿಲು ತೆರೆಯಿತು. ಬೀಗಗಿತ್ತಿ ನಿಂತಿದ್ದಳು, ಎರಡು ಕೈಗೂ ಅರಿಶಿನ. ಅವಳು ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ, "ಈ ಪಿಲ್ಲ ನೀ ಚೆಲ್ಲೆಲಾ, ಕೂತುರಾ?" ಅಂದಳು. ಈ ಹುಡುಗಿ ನಿನ್ನ ತಂಗಿಯೋ, ಮಗಳೋ?

"ತಂಗಿ" ಅಂದೆ. ಅಷ್ಟು ಹೊತ್ತು ಊರು ಹಾರಿಹೋಗುವ ಹಾಗೆ ಕಿರುಚಿದ ಗಂಟಲಿನಿಂದ ಆ ಎರಡಕ್ಷರ ಸರಿಯಾಗಿ ಹೊರಡಲಿಲ್ಲ.

ಅಪ್ಪನನ್ನು ಚಪ್ಪರದಿಂದ ಕರೆತಂದರು. ಪಾಲು ಅಂದರೆ ಭಾಗ, ಊಟದ ಭಾಗ, ಅಂತ ಅವನು ತೆಲುಗಿನಲ್ಲಿ ತೊದಲಿ ತೊದಲಿ ಹೇಳಿದ. ಬೀಗಗಿತ್ತಿ ಕೇಳಿಸಿಕೊಂಡಳು. ಅವಳು ದಡ್ಡಿಯಾಗಿರಲಿಲ್ಲ. ನಮ್ಮ ತೆಲುಗಿನಲ್ಲೂ ಪಾಲಿಗೆ ಆ ಅರ್ಥ ಉಂಟು ಅಂದಳು. ಆದರೆ ಹೊಲ ಹಂಚುವಾಗ ಆಡುವ ಮಾತನ್ನು ಅರಿಶಿನದ ಮುಂದೆ ಯಾರು ಹಾಡುತ್ತಾರೆ? ತಾನೊಬ್ಬಳೇ ಕೇಳಿದ್ದರೆ ನುಂಗಿಕೊಳ್ಳಬಹುದಿತ್ತು. ಹನ್ನೆರಡು ಜನ ಕೇಳಿದ್ದಾರೆ, ನಾಳೆ ಕೆಲಮಂಗಲದ ಪೇಟೆಯೆಲ್ಲ ಕೇಳುತ್ತದೆ. ಆಮೇಲೆ ನನ್ನ ಕಡೆ ತಿರುಗಿ ತನ್ನ ಕನ್ನಡದಲ್ಲಿ ಹೇಳಿದಳು.

"ತಪ್ಪು ಹಾಡ್ದೆ ಅನ್ನಮ್ಮ. ಆ ಮಾತು ತೆಗೆದು ಬೇರೆ ಮಾತು ಇಟ್ಟು ಎಲ್ಲಾರ ಮುಂದೆ ಹಾಡು. ನಾನು ಅರಿಶಿನ ಹಚ್ತೀನಿ. ಇಲ್ಲಾಂದ್ರೆ ಗಾಡಿ ಕಟ್ಟಿಸ್ತೀನಿ."

ಇದು ಅನ್ಯಾಯದ ಮಾತಾಗಿರಲಿಲ್ಲ. ಅತ್ತೆ ನನ್ನ ಪಕ್ಕಕ್ಕೆ ಬಂದು ತೋಳು ಹಿಡಿದು ಅಲುಗಿಸಿದಳು. "ತುತ್ತು ಅನ್ನು ಕಣಮ್ಮಿ. ನನ್ನ ತುತ್ತುಂಡು ಅನ್ನು, ಮುಗೀತು. ಅಳತೆಗೂ ಸರಿಹೋಗ್ತದೆ." ಅಳತೆ ಸರಿಹೋಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಅಪ್ಪ ಕೈ ಮುಗಿದ. ನನ್ನಪ್ಪ, ನನಗೆ. "ಒಂದು ಮಾತು ಕಣಮ್ಮ. ಒಂದೇ ಒಂದು ಮಾತು." ಹೊರಗೆ ಯಾರೋ ಆಗಲೇ ಎತ್ತುಗಳನ್ನು ಎಬ್ಬಿಸಿದ್ದರು, ಕೊರಳ ಗಂಟೆ ಕೇಳುತ್ತಿತ್ತು. ಬಾಗಿಲು ತೆರೆದೇ ಇದ್ದದ್ದರಿಂದ ತಂಗಿ ನನಗೆ ಕಾಣುತ್ತಿದ್ದಳು. ಒಂದು ಕೆನ್ನೆಗೆ ಮಾತ್ರ ಅರಿಶಿನ ಹತ್ತಿತ್ತು. ಇನ್ನೊಂದು ಕೆನ್ನೆಗೆ ಹಚ್ಚುವಷ್ಟರಲ್ಲಿ ಶಾಸ್ತ್ರ ನಿಂತಿತ್ತು. ಅವಳು ತಲೆ ತಗ್ಗಿಸಿ ಹಸೆಯ ಅಂಚನ್ನು ಬೆರಳಿನಿಂದ ಹಿಡಿದುಕೊಂಡಿದ್ದಳು.

ತಪ್ಪು ಅಂತ ಒಪ್ಪಿದರೆ ಅನುಮಾನವನ್ನೂ ಒಪ್ಪಿದ ಹಾಗೆ, ಮುಚ್ಚಿಕೊಳ್ಳುವುದಕ್ಕೆ ಪದ ಬದಲಿಸಿದಳು ಅನ್ನುತ್ತಾರೆ. ಇದು ಒಂದು ಕಾರಣ. ಜನರು ಕೇಳಿದಾಗೆಲ್ಲ ನಾನು ಇದನ್ನೇ ಹೇಳಿದ್ದೇನೆ, ಎಲ್ಲರೂ ಹೌದು ಅಂತ ತಲೆಯಾಡಿಸಿದ್ದಾರೆ. ಇನ್ನೊಂದನ್ನು ಊರಿನವರಿಗೆ ಹೇಳಿಲ್ಲ. 'ಎವರಿ ಪಾಲು' ಅನ್ನುವ ಮಾತು ಕಿವಿಗೆ ಬಿದ್ದಾಗ ನನ್ನ ಮೈ ತಣ್ಣಗಾದದ್ದು ಬರೀ ಭಯಕ್ಕಲ್ಲ. ಅವ್ವ ಹೋದ ಹೊಸದರಲ್ಲಿ ಕೂಸು ಮೇಕೆ ಹಾಲು ಉಗುಳಿ ಅಳುತ್ತಿತ್ತು. ಹೆಗಲಿಗೆ ಹಾಕಿದರೂ ನಿಲ್ಲುತ್ತಿರಲಿಲ್ಲ, ತೂಗಿದರೂ ನಿಲ್ಲುತ್ತಿರಲಿಲ್ಲ. ಹದಿನಾಲ್ಕು ವರ್ಷದ ನಾನು ಹಿತ್ತಲ ಕೋಣೆಯ ಅಗುಳಿ ಹಾಕಿಕೊಂಡು ಅದನ್ನು ಎದೆಗೆ ಹಿಡಿದೆ. ಏನೂ ಬರಲಿಲ್ಲ, ಬರುವುದು ಎಲ್ಲಿಂದ? ಕೂಸು ಮಾತ್ರ ಸುಮ್ಮನಾಯಿತು. ತಿಂಗಳುಗಟ್ಟಲೆ ಹಾಗೆ ಮಾಡಿದೆ. ನಾಚಿಕೆಯಾಗುತ್ತಿತ್ತು, ಆದರೂ ಮಾಡಿದೆ.

ಬೀಸುವ ಕಲ್ಲಿನ ಮುಂದೆ ಆ ಪದ ಬಂದಾಗ ಇದು ನನ್ನ ನೆನಪಿನಲ್ಲಿರಲಿಲ್ಲ. ಹಾಗಂತ ಆಣೆ ಮಾಡು ಅಂದರೆ ಮಾಡಲಾರೆ. ನಡೆಯುವುದಕ್ಕೆ ಮೊದಲೇ ತೆಲುಗು ಕೇಳಿದವಳು ನಾನು. ಪಾಲು ಅಂದರೆ ಹಾಲು ಅನ್ನುವುದು ನನಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ತಲೆಗೆ ಗೊತ್ತಿಲ್ಲದೆ ನಾಲಿಗೆಗೆ ಗೊತ್ತಿತ್ತೋ ಏನೋ. ಈಗ ಅದನ್ನು ಕಿತ್ತು ತುತ್ತು ಅನ್ನು ಅಂದರೆ, ನನ್ನ ಮುದ್ದೆಯನ್ನೂ ಆ ಕೋಣೆಯನ್ನೂ ಎರಡನ್ನೂ ಒಟ್ಟಿಗೆ ಕಿತ್ತುಹಾಕಬೇಕಿತ್ತು. ನನ್ನಿಂದ ಆಗಲಿಲ್ಲ.

"ಪದ ತಪ್ಪಿಲ್ಲ" ಅಂದೆ.

ಅತ್ತೆ ಹಣೆ ಚಚ್ಚಿಕೊಂಡಳು.

"ಪದ ತಪ್ಪಿಲ್ಲ ಅಮ್ಮಾ, ಮುಗಿದಿಲ್ಲ. ಸೊಲ್ಲು ಬರ್ಲಿಲ್ಲ ಅಂತ ಅಲ್ಲೇ ನಿಂತುಬುಟ್ಟೆ. ಜೋಡಿ ಸಾಲು ಬಾಕಿ ಐತೆ. ಅದ್ನ ಕೇಳಿ. ಕೇಳಿದ ಮ್ಯಾಲೆ ಗಾಡಿ ಕಟ್ಸೋದಾದ್ರೆ ಕಟ್ಸಿ."

ಬೀಗಗಿತ್ತಿ ನನ್ನ ಮುಖವನ್ನೇ ನೋಡಿದಳು. ಆಮೇಲೆ "ಪಾಡು", ಹಾಡು ಅಂತ ಹೇಳಿ ಹೋಗಿ ಹಸೆಯ ಪಕ್ಕದಲ್ಲಿ ಕೂತಳು. ಬಾಗಿಲನ್ನು ಎಳೆಯಲಿಲ್ಲ. ನಾನು ಹೊಸ್ತಿಲ ಒಳಗೇ ನಿಂತು, ಎಲ್ಲರ ಕಣ್ಣೆದುರಿಗೆ, ತಂಗಿಯನ್ನು ನೋಡುತ್ತಾ ಅದೇ ಸಾಲನ್ನು ಎತ್ತಿದೆ. ಈ ಸಲ ಮೆಲ್ಲಗೆ.

'ನನ್ನ ಪಾಲುಂಡು ಬೆಳೆದೋಳೆ ತಂಗಮ್ಮ.'

ಯಾರೂ ಬಾಯಿ ಬಿಡಲಿಲ್ಲ. ಆ ಸಾಲನ್ನು ಬಾಯಿಗೆ ತೆಗೆದುಕೊಳ್ಳಲು ಯಾರಿಗೆ ಧೈರ್ಯ ಬರಬೇಕು? ಸೊಲ್ಲಿಲ್ಲದೆ ನಾನು ಮುಂದಕ್ಕೆ ಹೋಗುವ ಹಾಗಿಲ್ಲ. ಹೋಗಿಬಿಡಬಹುದಿತ್ತು, ಯಾರೂ ಹಿಡಿದುಕೊಂಡಿರಲಿಲ್ಲ. ಆದರೆ ಸೊಲ್ಲಿಲ್ಲದೆ ಹಾಡಿದರೆ ಅದು ನನ್ನೊಬ್ಬಳ ವಾದವಾಗುತ್ತಿತ್ತು, ಪದವಾಗುತ್ತಿರಲಿಲ್ಲ. ಕಾದೆ. ಬಾಗಿಲುವಾಡ ಹಿಡಿದುಕೊಂಡೆ. ಹೊರಗೆ ಗಾಡಿಯ ನೊಗ ಎತ್ತಿದ ಸದ್ದಾಯಿತು.

"ಏಮಮ್ಮಾ, ವಂತ ಪಾಡೇವಾಳ್ಳು ಎವರೂ ಲೇರಾ?" ಅಂತ ಬೀಗಗಿತ್ತಿ ಸುತ್ತಲೂ ನೋಡಿದಳು. ಇವಳಿಗೆ ಸೊಲ್ಲು ಕೊಡುವವರು ಯಾರೂ ಇಲ್ಲವೇ?

ಅತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಹೋಗಿ ಉಗುಳಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತಾ, ಒಂದಕ್ಷರ ಆಚೀಚೆ ಮಾಡದೆ, ನಾನು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತಿರುಗಿ ಹೇಳಿದಳು. ಅವಳು ಎತ್ತಿದ ಮೇಲೆ ಇನ್ನಿಬ್ಬರು ಎತ್ತಿದರು. ನಾನು ಮುಂದಿನ ಸಾಲು ಹೇಳಿದೆ.

'ನಿನ್ನ ಪಾಲಿಗೆ ನೀನು ನಡೆಯಮ್ಮ.'

ಬೀಗಗಿತ್ತಿಯ ತುಟಿ ಅಲುಗಾಡಿತು. ತನ್ನಷ್ಟಕ್ಕೆ ತಾನೇ ತೆಲುಗಿನಲ್ಲಿ ಹೇಳಿಕೊಂಡಳು: ನೀ ಪಾಲಿಕಿ ನುವ್ವು ನಡು. ಅವರ ಮಾತಿನಲ್ಲೂ ಈ ಪಾಲು ಹಾಲಾಗುವ ಹಾಗಿರಲಿಲ್ಲ. ಒಬ್ಬಳು ತನ್ನ ಭಾಗ ಕೊಟ್ಟು ಬೆಳೆಸಿದ್ದಾಳೆ, ಇನ್ನು ನಿನ್ನ ಭಾಗಕ್ಕೆ ನೀನು ಹೋಗು ಅನ್ನುತ್ತಿದ್ದಾಳೆ ಅಂತ ಅವಳೇ ತನ್ನ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಿದಳು. ಒಬ್ಬಳು ಕಣ್ಣೊರೆಸಿಕೊಂಡಳು. ಇನ್ನೊಬ್ಬಳು ಮಾತ್ರ ಇದ್ಯಾವ ಸೀಮೆಯ ಸೋಬಾನೆ ಅಂತ ಗೊಣಗುತ್ತಲೇ ಇದ್ದಳು. ಬೀಗಗಿತ್ತಿ ಬಟ್ಟಲಿಗೆ ಬೆರಳು ಅದ್ದಿ ತಂಗಿಯ ಇನ್ನೊಂದು ಕೆನ್ನೆಗೆ ಅರಿಶಿನ ಹಚ್ಚಿದಳು.

ಹೊರಗೆ ಎತ್ತುಗಳನ್ನು ಮತ್ತೆ ಕಟ್ಟಿಹಾಕಿದರು. ಅತ್ತೆ ನನ್ನ ಹತ್ತಿರ ಬಂದು, "ನಿನ್ ಪದಕ್ಕಿಷ್ಟು ಬೆಂಕಿ ಹಾಕ" ಅಂತ ಬೈದು ಎಲೆಗೆ ಸುಣ್ಣ ಕೇಳಿದಳು. ಅಪ್ಪ ಆ ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಗೆದ್ದೆ ಅಂತ ನನಗೆ ಅನಿಸಲಿಲ್ಲ. ಆ ಜೋಡಿ ಸಾಲು ಅವಳಿಗೆ ತಟ್ಟದೆ ಹೋಗಿದ್ದರೆ? ಅತ್ತೆ ಹಠಕ್ಕೆ ಬಿದ್ದು ಸುಮ್ಮನೆ ಕೂತಿದ್ದರೆ? ತಂಗಿ ಒಂದೇ ಕೆನ್ನೆಯ ಅರಿಶಿನದಲ್ಲಿ ಮನೆಯಲ್ಲೇ ಉಳಿಯುತ್ತಿದ್ದಳು, ಬೇರೆ ಯಾರೂ ಬಂದು ಕೇಳುತ್ತಿರಲಿಲ್ಲ. ಈ ಲೆಕ್ಕ ನಾನು ಎಷ್ಟೋ ಸಲ ಹಾಕಿದ್ದೇನೆ. ಹಾಕಿದಾಗೆಲ್ಲ ಹೆದರಿಕೆಯಾಗುತ್ತದೆ. ಆದರೂ ಪದ ಬದಲಿಸಬೇಕಿತ್ತು ಅಂತ ಒಂದು ಸಲವೂ ಅನಿಸಿಲ್ಲ, ಅದಕ್ಕೇ ಇನ್ನೂ ಹೆದರಿಕೆ.

ಮರುದಿನ ಧಾರೆಯಾಯಿತು. ಮಧ್ಯಾಹ್ನ ಹೆಣ್ಣನ್ನು ಗಾಡಿ ಹತ್ತಿಸುವ ಗಲಾಟೆಯಲ್ಲಿ ನಾನು ಅಡುಗೆಮನೆಯ ಹಿಂದೆ ಹಂಡೆ ತಿಕ್ಕುತ್ತಿದ್ದೆ. ಬೀಗಗಿತ್ತಿ ಒಬ್ಬಳೇ ಹುಡುಕಿಕೊಂಡು ಬಂದಳು. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ನಿನ್ನೆ ಎಲ್ಲರ ಮುಂದೆ ಕೇಳಲಾಗಲಿಲ್ಲ, ಈಗ ಮದುವೆ ಆಗಿಹೋಯಿತು, ನನಗೊಬ್ಬಳಿಗೆ ಹೇಳು ಅಂದಳು.

"ಪಾಲಾ, ಪಾಲಾ?"

ಮೊದಲನೆಯದಕ್ಕೆ ತನ್ನ ಎದೆ ಮುಟ್ಟಿಕೊಂಡಳು. ಎರಡನೆಯದಕ್ಕೆ ಒಲೆಯ ಕಡೆ ಗದ್ದ ತೋರಿಸಿದಳು.

ಹದಿನಾರು ವರ್ಷ ಯಾರಿಗೂ ಹೇಳದ್ದು, ನಿನ್ನೆ ಮೊನ್ನೆ ಕಂಡ ಹೆಂಗಸಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ.

"ಹಾಲಿರ್ಲಿಲ್ಲ ಅಮ್ಮಾ. ಆದ್ರೂ ಚೀಪ್ತಿದ್ಲು" ಅಂದೆ.

ಹೊರಗಿನಿಂದ ಯಾರೋ ಅವಳನ್ನು ಕರೆದರು. ಮೊಣಕಾಲಿಗೆ ಕೈ ಊರಿ ಎದ್ದು, ಆ ಪದವನ್ನು ಕೆಲಮಂಗಲದ ನಮ್ಮ ಮನೆಗೆ ಬಂದಾಗ ಮಾತ್ರ ಹಾಡಬೇಡ ಅಂದಳು.

"ಯಾಕಮ್ಮಾ?"

"ಅದಿ ವಿಂಟೇ ನಾಕು ಅತ್ತರಿಕಂ ಚೇತಕಾದು." ಅದನ್ನು ಕೇಳಿದರೆ ನನ್ನ ಕೈಲಿ ಅತ್ತೆತನ ಮಾಡೋಕಾಗಲ್ಲ.

"ಹಂಗಾದ್ರೆ ಬಂದಾಗೆಲ್ಲ ಹಾಡ್ತೀನಿ" ಅಂದೆ.